ಅಕ್ಷಹೃದಯ

ದ್ಯೂತವನ್ನು ಹೊಗಳಿದ ಹಿರಿಯರು ನಮ್ಮಲ್ಲಿ ವಿರಳ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನೊಬ್ಬನ ಗೋಳು ಒಂದು ಸೂಕ್ತವಾಗಿ ಬಂದಿದೆ. ಧರ್ಮರಾಯನ ಕಥೆಯನ್ನಂತೂ ಹೇಳಬೇಕಾದುದೇ ಇಲ್ಲ. ಆದರೆ ಮಹಾಭಾರತದ ವನಪರ್ವದಲ್ಲಿ, ನಳೋಪಾಖ್ಯಾನದ ನಡುವೆ, ದಾಳಗಳ ವಿಷಯವಾಗಿ ಬೇರೊಂದು ಬಗೆಯ ಮಾತು ಬರುತ್ತದೆ. ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದ ನಳನು ಅಯೋಧ್ಯೆಯ ಋತುಪರ್ಣನನ್ನು ರಥದಲ್ಲಿ ಕೂರಿಸಿಕೊಂಡು ವಿದರ್ಭಕ್ಕೆ ಹೋಗುತ್ತಿರುವಾಗ ದಾರಿಯಲ್ಲಿ ಒಂದು ತಾರೆಯ ಮರ ಸಿಕ್ಕುತ್ತದೆ. ತ್ರಿಫಲದಲ್ಲಿ ಸೇರುವ ತಾರೆಕಾಯಿಯ ಮರವೇ ಅದು. ಹಿಂದೆ ದಾಳಗಳಾಗಿ ಬಳಸುತ್ತಿದ್ದುದೂ ಅದರ ಕಾಯಿಗಳನ್ನೇ. ರಾಜನು ಮರವನ್ನು ನೋಡಿದ ಮಾತ್ರದಿಂದಲೇ, ಅದರ ಎರಡು ಕೊಂಬೆಗಳಲ್ಲಿ ೫ ಕೋಟಿ ಎಲೆಗಳೂ ೨೦೯೫ ಕಾಯಿಗಳೂ ಇವೆಯೆನ್ನುತ್ತಾನೆ. ನಳನು ಬಾಯಿಮಾತಿಗೆ ಒಪ್ಪುವವನಲ್ಲ. ರಥವನ್ನು ನಿಲ್ಲಿಸಿ, ಮರವನ್ನು ಕೆಡವಿ, ಎಣಿಸಿಯೇ ನೋಡುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಇದು ಹೇಗೆಂದು ಕೇಳಿದರೆ, ತಾನು ಅಕ್ಷಹೃದಯವನ್ನು ಬಲ್ಲವನು, ಸಂಖ್ಯಾನದಲ್ಲಿಯೂ ಕುಶಲನು ಎಂದು ರಾಜನು ಉತ್ತರ ಕೊಡುತ್ತಾನೆ.

ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಭಾಗವನ್ನು ಎಷ್ಟೋ ಸಲ ಓದಿಸಿದ್ದೇವೆ. ದಾಳ ಹಾಕುವ ವಿದ್ಯೆಗೂ ಎಲೆ ಎಣಿಸುವ ವಿದ್ಯೆಗೂ ಏನು ನಂಟು ಎಂದು ಒಬ್ಬನಲ್ಲ ಒಬ್ಬ ಹುಡುಗ ಕೇಳಿಯೇ ಕೇಳುತ್ತಿದ್ದನು. ಈ ಪ್ರಶ್ನೆಗೆ ಈ ಕಾಲಕ್ಕೆ ಒಪ್ಪುವ ಉತ್ತರವೊಂದು ನಮಗೆ ದೊರೆತುದು ಕ್ಯಾನ್ಸರ್ ರೋಗದ ಒಂದು ವೈದ್ಯಶಾಲೆಯಲ್ಲಿ. ಅದನ್ನು ವಾಚಕರಿಗೆ ನಿವೇದಿಸಲು ಈ ಲೇಖನ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವೆವು. ನಮ್ಮ ತಂಗಿಯ ಮೊಮ್ಮಗನಿಗೆ, ಏಳು ವರ್ಷದ ಹುಡುಗನಿಗೆ, ಮೂಗಿನ ಹಿಂಬದಿಯಲ್ಲಿ, ತಲೆಬುರುಡೆಯ ತಳಕ್ಕೆ ಅಂಟಿಕೊಂಡು ಗಂತಿಯೊಂದು ಬೆಳೆಯಿತು. ಅಲ್ಲಿಗೆ ಶಸ್ತ್ರವನ್ನು ಒಯ್ಯುವುದು ಕಷ್ಟ. ಒಂದು ಮಗ್ಗುಲಿಗೆ ಕಣ್ಣಿನ ನರ, ಹಿಂದಕ್ಕೆ ಮೆದುಳಿನ ಕಾಂಡ. ಔಷಧದ ಜೊತೆಗೆ ವಿಕಿರಣದ ಚಿಕಿತ್ಸೆಯೂ ಆಗಬೇಕು, ಅದು ಪ್ರೋಟಾನುಗಳಿಂದ ಆದರೆ ಮೇಲು ಎಂದು ವೈದ್ಯರು ನಿರ್ಣಯಿಸಿದರು. ನಮ್ಮ ದೇಶದಲ್ಲಿ ಈ ಚಿಕಿತ್ಸೆ ೨೦೧೯ರಲ್ಲಿ ಚೆನ್ನೈಯಲ್ಲಿ ಮೊದಲಾಯಿತು. ೨೦೨೩ರಲ್ಲಿ ನವಿ ಮುಂಬಯಿಯ ಟಾಟಾ ಕೇಂದ್ರದಲ್ಲಿಯೂ ಆರಂಭವಾಯಿತು. ಅಂಥದೊಂದು ವೈದ್ಯಶಾಲೆಗೆ ಹುಡುಗನನ್ನು ಕರೆದುಕೊಂಡು ಹೋದೆವು. ಅಲ್ಲಿ ಯಂತ್ರದ ಅಳತೆ ಲೆಕ್ಕಗಳನ್ನು ನೋಡಿಕೊಳ್ಳುವ ಭೌತವಿಜ್ಞಾನಿಗಳಲ್ಲಿ ಒಬ್ಬನು ನಮ್ಮಲ್ಲಿಯೇ ಸಂಸ್ಕೃತ ಓದಿದ ಶಿಷ್ಯನಾಗಿದ್ದುದು ದೈವಯೋಗವೆಂದೇ ಹೇಳಬೇಕು.

ಮೊದಲ ದಿನ ಸಂಜೆ ತಂಗಿ ಕೇಳಿದ ಪ್ರಶ್ನೆ ಇದು: "ಅಣ್ಣಯ್ಯ, ಆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಾಕಿದ್ದೂ ತಿಳಿಯುವುದಿಲ್ಲವಂತೆ. ಒಳಗೆ ಹೋದದ್ದು ಎಲ್ಲಿ ನಿಂತಿತು ಅಂತ ಇವರಿಗೆ ಹೇಗೆ ಗೊತ್ತಾಗಬೇಕು?" ಅಕ್ಷರವೊಂದನ್ನೂ ಬದಲಿಸದೆ ಅದನ್ನೇ ಶಿಷ್ಯನ ಮುಂದಿಟ್ಟೆವು. ಅವನು ನಗಲಿಲ್ಲ. "ಮೇಷ್ಟ್ರೇ, ನಮ್ಮ ಕೆಲಸವೆಲ್ಲ ಇದೊಂದು ಪ್ರಶ್ನೆಯೇ," ಎಂದನು. ಮುಂದೆ ಬರೆಯುವುದರಲ್ಲಿ ಬಹುಪಾಲು ಅವನು ಹೇಳಿದುದು. ಉಪಮಾನಗಳು ಮಾತ್ರ ನಮ್ಮವು.

ಎಕ್ಸ್‌ರೇ ಕಿರಣವು ಮೈಯನ್ನು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. ಚರ್ಮದ ಕೆಳಗೆ ಸ್ವಲ್ಪ ಆಳದಲ್ಲಿಯೇ ಅದರ ಪೆಟ್ಟು ಹೆಚ್ಚು. ಒಳಗೊಳಗೆ ಹೋದಂತೆ ಕಡಿಮೆಯಾಗುತ್ತ, ಗಂತಿಯನ್ನು ದಾಟಿದ ಮೇಲೂ ಆಚೆಯ ಆರೋಗ್ಯವಾದ ಅಂಗಗಳಿಗೆ ತನ್ನ ಪಾಲನ್ನು ಕೊಟ್ಟೇ ಹೋಗುತ್ತದೆ. ಅನೇಕ ದಿಕ್ಕುಗಳಿಂದ ಕಿರಣವನ್ನು ಬಿಟ್ಟು ಈ ದೋಷವನ್ನು ಹಂಚಿಹಾಕುವ ಜಾಣ್ಮೆ ಈಗ ಬಹಳ ಬೆಳೆದಿದೆ. ಎಷ್ಟೋ ರೋಗಿಗಳಿಗೆ ಅಷ್ಟೇ ಸಾಕು, ಪ್ರೋಟಾನಿಗಾಗಿ ಮನೆಮಾರು ಮಾರಬೇಕಾದುದಿಲ್ಲ. ಆದರೆ ಬೆಳೆಯುವ ಮಗುವಿನ ವಿಷಯ ಬೇರೆ. ಅದರ ಎಲುಬು, ಮೆದುಳುಗಳಿಗೆ ಬೇಡದ ವಿಕಿರಣ ಎಷ್ಟು ತಪ್ಪಿದರೆ ಅಷ್ಟೂ ಲಾಭ.

ಪ್ರೋಟಾನೆಂಬುದು ಜಲಜನಕದ ಪರಮಾಣುವಿನ ನಡುವಣ ಬೀಜ. ಎಲೆಕ್ಟ್ರಾನಿಗಿಂತ ೧೮೩೬ ಮಡಿ ಭಾರವಾದುದು. ಅದರ ನಡತೆಯನ್ನು ತಿಳಿಯಬೇಕಾದರೆ, ಜೇಬಿನ ತುಂಬ ಕಾಸಿಟ್ಟುಕೊಂಡು ಜಾತ್ರೆಯ ಬೀದಿಯಲ್ಲಿ ಓಡುವ ಹುಡುಗನನ್ನು ನೆನೆಯಿರಿ. ಓಟದ ಭರದಲ್ಲಿ ಅವನು ಯಾವ ಅಂಗಡಿಯ ಮುಂದೆಯೂ ನಿಲ್ಲುವುದಿಲ್ಲ. ಅಲ್ಲೊಂದು ಇಲ್ಲೊಂದು ಕಾಸು ಕೈಬಿಡುತ್ತದೆ, ಅಷ್ಟೆ. ಓಟ ತಗ್ಗಿದಂತೆ ಅಂಗಡಿಯವರು ಕರೆದು ನಿಲ್ಲಿಸುತ್ತಾರೆ; ನಿಂತಷ್ಟೂ ಖರ್ಚು, ಖರ್ಚಾದಷ್ಟೂ ನಿಧಾನ; ಕೊನೆಯ ಒಂದೆರಡು ಅಂಗಡಿಗಳಲ್ಲಿ ಉಳಿದುದೆಲ್ಲ ಒಮ್ಮೆಗೇ ಬರಿದು. ಅದರಾಚೆಯ ಅಂಗಡಿಗೆ ಒಂದು ಕಾಸೂ ಇಲ್ಲ. ಇಲ್ಲಿ ಅಂಗಡಿಗಳೆಂದರೆ ದಾರಿಯಲ್ಲಿರುವ ಎಲೆಕ್ಟ್ರಾನುಗಳು. ದಾರಿಯ ಕೊನೆಯಲ್ಲಿ ಹೀಗೆ ಉಕ್ಕುವ ಶಕ್ತಿಗೆ ಬ್ರ್ಯಾಗ್ ಶಿಖರವೆಂದು ಹೆಸರು. ಆಸ್ಟ್ರೇಲಿಯದ ಅಡಿಲೇಡಿನಲ್ಲಿದ್ದ ವಿಲಿಯಂ ಹೆನ್ರಿ ಬ್ರ್ಯಾಗ್ ೧೯೦೪ರ ಸುಮಾರಿಗೆ ಇದನ್ನು ಆಲ್ಫಾ ಕಣಗಳಲ್ಲಿ ಕಂಡನು. ಪ್ರೋಟಾನಿಗೆ ಕೊಡುವ ವೇಗವನ್ನು ಹೆಚ್ಚು ಕಡಿಮೆ ಮಾಡಿ ಈ ಶಿಖರವನ್ನು ಬೇಕಾದ ಆಳಕ್ಕೆ ಇಳಿಸಬಹುದು. ೭೦ ಮೆಗಾ ಎಲೆಕ್ಟ್ರಾನ್‌ವೋಲ್ಟಿನ ಪ್ರೋಟಾನು ನೀರಿನಲ್ಲಿ ಸುಮಾರು ೪ ಸೆಂಟಿಮೀಟರು ಹೋಗಿ ನಿಲ್ಲುತ್ತದೆ; ೧೫೦ಕ್ಕೆ ೧೬, ೨೩೦ಕ್ಕೆ ೩೩ ಸೆಂಟಿಮೀಟರು.

ಇದನ್ನು ರೋಗಕ್ಕೆ ಬಳಸಬಹುದೆಂದು ಮೊದಲು ಬರೆದವನು ಅಮೆರಿಕದ ರಾಬರ್ಟ್ ವಿಲ್ಸನ್, ೧೯೪೬ರಲ್ಲಿ. ಯುದ್ಧದ ಕಾಲದಲ್ಲಿ ಲಾಸ್ ಆಲಮೋಸಿನಲ್ಲಿ ಪರಮಾಣು ಬಾಂಬಿನ ಕೆಲಸ ಮಾಡಿದವನು ಅವನು. ಹಿರೋಷಿಮ ಸುಟ್ಟ ಮರುವರ್ಷವೇ ಈ ಲೇಖನ. ೧೯೫೪ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಪ್ರಯೋಗವಾಯಿತು. ೧೯೯೦ರಲ್ಲಿ ಕ್ಯಾಲಿಫೋರ್ನಿಯದ ಲೋಮ ಲಿಂಡದಲ್ಲಿ, ಪ್ರಯೋಗಶಾಲೆಯನ್ನು ಬಿಟ್ಟು ವೈದ್ಯಶಾಲೆಗೆಂದೇ ಕಟ್ಟಿದ ಯಂತ್ರ ನಡೆಯತೊಡಗಿತು.

ಗುಣವಿದ್ದಲ್ಲಿಯೇ ಭಯವೂ ಇದೆ. ಎಕ್ಸ್‌ರೇ ಹೇಗೂ ಆಚೆಗೆ ದಾಟಿಹೋಗುವುದು. ಆಳದ ಲೆಕ್ಕ ನಾಲ್ಕೈದು ಮಿಲಿಮೀಟರು ಆಚೀಚೆಯಾದರೆ ಅದರ ಫಲ ಹೆಚ್ಚು ಬದಲಾಗುವುದಿಲ್ಲ. ಪ್ರೋಟಾನಾದರೋ ನಾಲ್ಕು ಮಿಲಿಮೀಟರು ಮೊದಲೇ ನಿಂತರೆ ಗಂತಿಯ ಆಚೆಯ ಅಂಚಿಗೆ ಏನೂ ಮುಟ್ಟಲಿಲ್ಲ. ನಾಲ್ಕು ಮಿಲಿಮೀಟರು ಮುಂದೆ ಹೋಗಿ ನಿಂತರೆ, ಶಿಖರದ ಪೂರ್ತಿ ಪೆಟ್ಟು ಮೆದುಳಿನ ಕಾಂಡಕ್ಕೆ. ತಂಗಿಯ ಪ್ರಶ್ನೆಯ ಮರ್ಮ ಇದೇ.

ನೀರಿನ ತೊಟ್ಟಿಯಲ್ಲಿ ಉಪಕರಣವನ್ನಿಟ್ಟು ಪ್ರೋಟಾನು ಎಲ್ಲಿ ನಿಲ್ಲುವುದೆಂದು ಅಳೆಯಬಹುದು; ಅಂಥ ಅಳತೆಗಳನ್ನು ಅವರು ತಪ್ಪದೆ ಮಾಡುತ್ತಾರೆ. ಆದರೆ ಮಗುವಿನ ತಲೆ ನೀರಿನ ತೊಟ್ಟಿಯಲ್ಲ. ಅದರಲ್ಲಿ ಎಲುಬುಂಟು, ಕೊಬ್ಬುಂಟು, ಮೂಗಿನ ಸುತ್ತ ಗಾಳಿ ತುಂಬಿದ ಗುಹೆಗಳುಂಟು. ಜೀವಂತ ಮೆದುಳಿನೊಳಗೆ ಅಳತೆಗೋಲನ್ನು ಇಳಿಸುವಂತಿಲ್ಲ. ಆದುದರಿಂದ ಅಳತೆ ನಿಂತಲ್ಲಿ ಲೆಕ್ಕ ಮೊದಲಾಗಬೇಕು. ಸಿ.ಟಿ. ಯಂತ್ರದಿಂದ ತೆಗೆದ ಚಿತ್ರವೇ ಈ ಲೆಕ್ಕಕ್ಕೆ ಮೂಲ. ಆ ಚಿತ್ರವಾದರೋ ಎಕ್ಸ್‌ರೇಯನ್ನು ಮೈ ಎಷ್ಟು ತಡೆಯುವುದೆಂದು ತೋರಿಸುತ್ತದೆಯೇ ಹೊರತು ಪ್ರೋಟಾನನ್ನು ಎಷ್ಟು ತಡೆಯುವುದೆಂದಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದ ಮಾಡಿದಂತೆ ಅದನ್ನು ಪರಿವರ್ತಿಸಿಕೊಳ್ಳಬೇಕು. ಅನುವಾದದಲ್ಲಿ ಅರ್ಥ ಕೊಂಚ ಜಾರುವುದು ನಮಗೆ ತಿಳಿದದ್ದೇ.

ಅಲ್ಲಿಂದ ಮುಂದೆ ಲೆಕ್ಕಕ್ಕೆ ಎರಡು ದಾರಿ. ಒಂದು ಸೂತ್ರದ ದಾರಿ: ಕಿರಣವನ್ನು ಸಣ್ಣ ಸಣ್ಣ ಕಡ್ಡಿಗಳಾಗಿ ಭಾವಿಸಿ, ಮೈಯನ್ನು ಒಂದರ ಮೇಲೊಂದು ಇಟ್ಟ ಪದರಗಳಂತೆ ಎಣಿಸಿ, ಸಿದ್ಧವಾದ ಸೂತ್ರದಿಂದ ಕ್ಷಣಮಾತ್ರದಲ್ಲಿ ಉತ್ತರ ಪಡೆಯುವುದು. ನಮ್ಮ ವಾಕ್ಯಪಂಚಾಂಗದವರು ಸಿದ್ಧವಾಕ್ಯಗಳಿಂದ ಗ್ರಹಸ್ಥಿತಿಯನ್ನು ಬೇಗ ಹೇಳಿಬಿಡುವ ಹಾಗೆ. ಬಹಳ ಕಡೆಗಳಲ್ಲಿ ಇದು ಸರಿಯಾಗಿಯೇ ಬರುತ್ತದೆ. ಎಲುಬಿನ ಅಂಚನ್ನು ಸವರಿಕೊಂಡು, ಅರ್ಧ ಎಲುಬಿನಲ್ಲಿ ಅರ್ಧ ಗಾಳಿಯಲ್ಲಿ ಕಿರಣ ಹೋಗುವ ಕಡೆ ಮಾತ್ರ ಪದರದ ಕಲ್ಪನೆ ಮುರಿದುಬೀಳುತ್ತದೆ. ಮೂಗಿನ ಹಿಂಬದಿ ಅಂಥ ಸ್ಥಳಗಳಲ್ಲೆಲ್ಲ ಕೆಟ್ಟದ್ದು.

ಎರಡನೆಯದು ದಾಳದ ದಾರಿ. ಇದನ್ನು ಮನೆಯ ಅಂಗಳದಲ್ಲಿಯೇ ಪರೀಕ್ಷಿಸಬಹುದು. ರಂಗೋಲಿಯಿಂದ ಒಂದು ಚೌಕವನ್ನು ಬರೆದು, ಅದರ ನಾಲ್ಕು ಬದಿಗಳನ್ನೂ ಮುಟ್ಟುವಂತೆ ಒಳಗೊಂದು ವೃತ್ತವನ್ನು ಬರೆಯಿರಿ. ಕಣ್ಣು ಮುಚ್ಚಿ, ಯಾವ ಕಡೆಗೂ ಪಕ್ಷಪಾತವಿಲ್ಲದಂತೆ ಅಕ್ಕಿಯನ್ನು ಎರಚಿರಿ. ಚೌಕದೊಳಗೆ ೧೦೦೦ ಕಾಳು ಬಿದ್ದಿದ್ದರೆ ವೃತ್ತದೊಳಗೆ ಸುಮಾರು ೭೮೫ ಇರುತ್ತವೆ. ಅದನ್ನು ನಾಲ್ಕರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ೩.೧೪. ಇಪ್ಪತ್ತು ಸಾವಿರ ವ್ಯಾಸಕ್ಕೆ ೬೨೮೩೨ ಪರಿಧಿಯೆಂದು ಆರ್ಯಭಟನು ಹೇಳಿದ ಪ್ರಮಾಣದ ಹತ್ತಿರಕ್ಕೆ ಅಕ್ಕಿಯ ಕಾಳುಗಳು ನಮ್ಮನ್ನು ಒಯ್ದಿರುತ್ತವೆ. ಒಂದೇ ಒಂದು ಕಾಳು ಎಲ್ಲಿ ಬೀಳುವುದೆಂದು ಬ್ರಹ್ಮನೂ ಹೇಳಲಾರನು; ಸಾವಿರ ಕಾಳುಗಳ ಒಟ್ಟು ನಡತೆಯನ್ನು ಶಾಲೆಯ ಹುಡುಗನೂ ಹೇಳಬಲ್ಲನು. ಎರಡು ಕೊಂಬೆ ನೋಡಿ ಲೆಕ್ಕ ಹೇಳಿದ ಋತುಪರ್ಣನಿಗೆ ತಿಳಿದಿದ್ದುದು ಇಂಥದೇ ಏನೋ ಇರಬೇಕೆಂದು ನಮಗೆ ತೋರುತ್ತದೆ.

ಈ ಕಾಲದಲ್ಲಿ ಇದಕ್ಕೆ ಶಾಸ್ತ್ರದ ಪದವಿಯನ್ನು ತಂದವನು ಸ್ಟಾನಿಸ್ಲಾ ಉಲಾಮನೆಂಬ ಗಣಿತಜ್ಞ. ೧೯೪೬ರಲ್ಲಿ ಕಾಯಿಲೆಯಿಂದ ಎದ್ದು ವಿಶ್ರಮಿಸಿಕೊಳ್ಳುತ್ತಿದ್ದಾಗ ಒಬ್ಬನೇ ಇಸ್ಪೀಟು ಆಡುತ್ತ, ಆಟ ಗೆಲ್ಲುವ ಸಂಭವ ಎಷ್ಟೆಂದು ಗಣಿತದಿಂದ ತಿಳಿಯಲು ಹೆಣಗುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸುಲಭವಲ್ಲವೇ ಎಂದು ಅವನಿಗೆ ಹೊಳೆಯಿತು. ಗೆಳೆಯ ಫಾನ್ ನಾಯ್ಮನ್ ಅದನ್ನು ಆಗ ತಾನೇ ಹುಟ್ಟಿದ್ದ ಗಣಕಯಂತ್ರಕ್ಕೆ ಹೂಡುವ ಬಗೆಯನ್ನು ಯೋಚಿಸಿದನು. ಮೆಟ್ರೊಪೊಲಿಸನು ಜೂಜಿಗೆ ಪ್ರಸಿದ್ಧವಾದ ಮಾಂಟೆ ಕಾರ್ಲೊ ಊರಿನ ಹೆಸರನ್ನು ಇಟ್ಟನು. ಅಲ್ಲಿಗೆ ಹೋಗಬೇಕೆಂದು ನೆಂಟರಲ್ಲಿ ಸಾಲ ಕೇಳುತ್ತಿದ್ದ ಚಿಕ್ಕಪ್ಪನೊಬ್ಬನು ಉಲಾಮನಿಗಿದ್ದನಂತೆ! ಮೊದಲು ಈ ವಿದ್ಯೆಯನ್ನು ಬಳಸಿದುದು ಬಾಂಬಿನೊಳಗೆ ನ್ಯೂಟ್ರಾನುಗಳು ಹೇಗೆ ಹರಡುವುವೆಂದು ತಿಳಿಯುವುದಕ್ಕೆ. ಮೇಲೆ ಹೇಳಿದ ವಿಲ್ಸನನೂ ೧೯೫೨ರಲ್ಲಿ ಇದೇ ವಿದ್ಯೆಯ ಮೇಲೆ ಒಂದು ಲೇಖನ ಬರೆದನು. ಗಣಕಯಂತ್ರದ ಸಹಾಯವಿಲ್ಲದೆ, ಉರುಳೆಯೊಂದರ ಮೇಲೆ ರೇಖೆಗಳನ್ನು ಬರೆದು, ಅದನ್ನು ಮೋಟಾರಿನಿಂದ ತಿರುಗಿಸಿ, ನಿಂತಲ್ಲಿ ಓದಿಕೊಂಡು, ಸೀಸದೊಳಗೆ ಒಂದೊಂದು ಕಣದ ಗತಿಯನ್ನೂ ಅವನು ಹಿಂಬಾಲಿಸಿದನು. ಪ್ರೋಟಾನಿನ ಚಿಕಿತ್ಸೆಯನ್ನು ಸೂಚಿಸಿದವನೇ ಭಾಗ್ಯಚಕ್ರವನ್ನೂ ಕೈಯಾರೆ ತಿರುಗಿಸಿದನು. ಆ ಎರಡು ಕೆಲಸಗಳು ಒಂದು ದಿನ ಒಂದೇ ಕೋಣೆಯಲ್ಲಿ ಕೂಡುವುವೆಂದು ಅವನು ಎಣಿಸಿದ್ದನೋ ಇಲ್ಲವೋ.

ಈಗ ವೈದ್ಯಶಾಲೆಯಲ್ಲಿ ಮಾಡುವ ಕ್ರಮ ಹೀಗೆ. ಸಿ.ಟಿ. ಚಿತ್ರದಿಂದ ಹುಡುಗನ ತಲೆಯ ಪ್ರತಿರೂಪವೊಂದನ್ನು, ಸಬ್ಬಕ್ಕಿಯ ಕಾಳಿನಷ್ಟು ಸಣ್ಣ ಘನಗಳ ರಾಶಿಯಾಗಿ, ಗಣಕಯಂತ್ರದೊಳಗೆ ಕಟ್ಟುತ್ತಾರೆ. ಅದರೊಳಕ್ಕೆ ಒಂದು ಪ್ರೋಟಾನನ್ನು ಬಿಡುತ್ತಾರೆ. ಅದು ಹೆಜ್ಜೆ ಇಟ್ಟ ಕಡೆಯಲ್ಲೆಲ್ಲ ಯಂತ್ರವು ದಾಳ ಹಾಕುತ್ತದೆ: ಈ ಹೆಜ್ಜೆಯಲ್ಲಿ ಎಷ್ಟು ಶಕ್ತಿ ಕಳೆಯಿತು? ಎಷ್ಟು ಓರೆಯಾಯಿತು? ಪರಮಾಣುವಿನ ಬೀಜಕ್ಕೆ ಡಿಕ್ಕಿ ಹೊಡೆಯಿತೇ? ಈ ಕೊನೆಯದು ಅಪೂರ್ವವಲ್ಲ. ಒಂದು ಸೆಂಟಿಮೀಟರು ನಡೆಯುವಷ್ಟರಲ್ಲಿ ನೂರರಲ್ಲಿ ಸುಮಾರು ಒಂದಕ್ಕೆ ಆ ಗತಿ ಬರುತ್ತದೆ. ದಾಳ ಎಂದೆವು, ಆದರೆ ಶಕುನಿಯ ದಾಳವಲ್ಲ. ಯಾವ ಮುಖ ಎಷ್ಟು ಸಲ ಬೀಳಬೇಕೆಂಬುದನ್ನು ಭೌತಶಾಸ್ತ್ರದ ಅಳತೆಗಳೇ ಗೊತ್ತುಮಾಡಿರುತ್ತವೆ. ಹೀಗೆ ಒಂದರ ಚರಿತ್ರೆ ಹುಟ್ಟಿನಿಂದ ಸಾವಿನವರೆಗೆ ಮುಗಿದ ಮೇಲೆ ಇನ್ನೊಂದು, ಮತ್ತೊಂದು, ಕೋಟಿಗಟ್ಟಲೆ. ಎಲ್ಲವೂ ಬಿಟ್ಟುಹೋದ ಶಕ್ತಿಯನ್ನು ಘನಘನಕ್ಕೂ ಕೂಡಿದರೆ ವಿಕಿರಣದ ಪ್ರಮಾಣ ದೊರೆಯುತ್ತದೆ. ಜಿನೀವದ ಸೆರ್ನ್ ಸಂಸ್ಥೆಯಲ್ಲಿ ಪರಮಾಣು ವಿಜ್ಞಾನಕ್ಕೆಂದು ಸಿದ್ಧವಾಗಿ ೧೯೯೮ರಲ್ಲಿ ಹೊರಬಂದ ಜಿಯಾಂಟ್-೪ ಎಂಬ ಕ್ರಮವಿಧಿ ಈ ಕೆಲಸಕ್ಕೆ ಆಧಾರಗಳಲ್ಲೊಂದು. ಅದರ ಮೇಲೆಯೇ ಕಟ್ಟಿ ಪ್ರೋಟಾನ್ ಚಿಕಿತ್ಸೆಗೆ ಒಗ್ಗಿಸಿದ ಟೊಪಾಸ್ ಎಂಬುದನ್ನು ಅಮೆರಿಕದವರು ೨೦೧೨ರಲ್ಲಿ ಪ್ರಕಟಿಸಿದರು.

ಈ ದಾರಿಯ ಕಷ್ಟ ಕಾಲದ್ದು. ಸಾವಿರ ಅಕ್ಕಿಕಾಳಿನ ಲೆಕ್ಕ ಎರಡನೆಯ ದಶಾಂಶದಲ್ಲಿಯೇ ಅಲುಗುತ್ತದೆ. ತಪ್ಪು ಹತ್ತರಲ್ಲೊಂದಕ್ಕೆ ಇಳಿಯಬೇಕಾದರೆ ಕಾಳು ಹತ್ತು ಮಡಿಯಲ್ಲ, ನೂರು ಮಡಿ ಬೇಕು. ಇನ್ನೂ ಹತ್ತರಲ್ಲೊಂದಕ್ಕೆ ಇಳಿಯಬೇಕಾದರೆ ಹತ್ತು ಸಾವಿರ ಮಡಿ. ಹಿಂದೆ ಒಬ್ಬ ರೋಗಿಯ ಲೆಕ್ಕಕ್ಕೆ ಯಂತ್ರಗಳು ಗಂಟೆಗಟ್ಟಲೆ ಓಡಬೇಕಾಗಿತ್ತು. ಮಕ್ಕಳ ಆಟದ ಚಿತ್ರಗಳಿಗೆಂದು ಹುಟ್ಟಿದ ವೇಗದ ಚಿಪ್ಪುಗಳ ದಯೆಯಿಂದ ಈಗ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಈ ಬಗೆಯ ಲೆಕ್ಕದಲ್ಲಿ ನಮಗೆ ಬಹಳ ಮೆಚ್ಚಿಕೆಯಾದುದು ಒಂದುಂಟು: ಉತ್ತರದ ಪಕ್ಕದಲ್ಲಿಯೇ, ತಾನು ದಾಳ ಹಾಕಿದುದು ಇಷ್ಟು ಸಲ, ಆದುದರಿಂದ ಉತ್ತರದಲ್ಲಿ ಇಷ್ಟರ ಮಟ್ಟಿಗೆ ಸಂದೇಹವುಂಟು ಎಂದು ಅದು ಬರೆದುಕೊಡುತ್ತದೆ. ಹೀಗೆ ಬರೆದುಕೊಡುವ ವಿದ್ವಾಂಸರು ನಮ್ಮ ಸಭೆಗಳಲ್ಲಿ ಎಷ್ಟು ಮಂದಿ?

ಹುಡುಗನಿಗೆ ಗೊತ್ತಾದುದು ದಿನಕ್ಕೆ ೧.೮ ಗ್ರೇಯಂತೆ ೨೮ ದಿನ, ಒಟ್ಟು ೫೦.೪ ಗ್ರೇ. ಚಿಕಿತ್ಸೆಯ ಯೋಜನೆಯನ್ನು ಒಬ್ಬರು ಒಂದು ಲೆಕ್ಕದಿಂದ ತಯಾರಿಸಿದರೆ, ಅದನ್ನು ಇನ್ನೊಬ್ಬರು ಬೇರೊಂದು ಕ್ರಮವಿಧಿಯಿಂದ, ದಾಳದ ದಾರಿಯಲ್ಲಿ, ಮೊದಲಿಂದ ತಾಳೆ ನೋಡುವುದು ಅಲ್ಲಿಯ ನಿಯಮ. ಮಕ್ಕಳು ಕೂಡುವ ಲೆಕ್ಕವನ್ನು ಮೇಲಿಂದ ಕೆಳಕ್ಕೆ ಎರಡು ಸಲ ಕೂಡಿ "ತಾಳೆ ನೋಡಿದೆ ಸಾರ್" ಎನ್ನುವುದುಂಟು. ತನ್ನ ಲೆಕ್ಕವನ್ನು ತಾನೇ ಅದೇ ದಾರಿಯಲ್ಲಿ ಮತ್ತೆ ಮಾಡುವುದು ತಾಳೆಯಲ್ಲ, ಪಾರಾಯಣ. ಇಲ್ಲಿ ಎರಡು ಲೆಕ್ಕಗಳೂ ಒಂದು ಕಡೆ ಕೂಡಲಿಲ್ಲ. ಮೂರು ದಿಕ್ಕುಗಳಿಂದ ಬಿಡಬೇಕಾಗಿದ್ದ ಕಿರಣಗಳಲ್ಲಿ ಒಂದು, ಕೆನ್ನೆಯ ಒಳಗಣ ಗುಹೆಯ ಎಲುಬುಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು. ಅದರ ಕೊನೆ ಚೂಪಾಗಿ ನಿಲ್ಲುವುದೆಂದು ಸೂತ್ರ ಹೇಳಿತು. ಕದಡಿಹೋಗಿ ಗಂತಿಯ ಅಂಚಿನ ಒಂದು ಭಾಗಕ್ಕೆ ಪ್ರಮಾಣ ಕಡಿಮೆಯಾಗುವುದೆಂದು ದಾಳ ಹೇಳಿತು. ಆ ದಿಕ್ಕನ್ನು ಬಿಟ್ಟು ಬೇರೊಂದನ್ನು ಆರಿಸಿದರು. ಎರಡು ದಿನ ತಡವಾಯಿತು. ತಂಗಿಗೆ ಆ ಎರಡು ದಿನ ಎರಡು ಯುಗಗಳಾಗಿದ್ದುವು; ಊಟಕ್ಕೂ ಏಳಲಿಲ್ಲ.

ದಾಳದ ಲೆಕ್ಕವೂ ಸರ್ವಜ್ಞವಲ್ಲ. ಪ್ರೋಟಾನು ನಿಲ್ಲುವ ಸ್ಥಳದಲ್ಲಿ ಉಳಿಯುವ ಸಂದೇಹಕ್ಕಾಗಿ ಗಂತಿಯ ಆಚೆಗೆ ಒಂದಿಷ್ಟು ಅಂಚನ್ನು ಬಿಡಲೇಬೇಕು. ಆ ಅಂಚಿನಲ್ಲಿ ಆರೋಗ್ಯವಾದ ಮಾಂಸ ಸುಡುತ್ತದೆ. ಬಾಸ್ಟನ್ನಿನಲ್ಲಿ ಬಳಕೆಯಲ್ಲಿದ್ದ ಕಟ್ಟಳೆ, ಆಳದ ನೂರಕ್ಕೆ ಮೂರೂವರೆ ಪಾಲು, ಮೇಲೊಂದು ಮಿಲಿಮೀಟರು. ದೊಡ್ಡವರ ಒಡಲಲ್ಲಿ ೨೦ ಸೆಂಟಿಮೀಟರು ಆಳಕ್ಕೆ ಇದು ೮ ಮಿಲಿಮೀಟರಾಯಿತು. ಅಲ್ಲಿಯ ಹರಾಲ್ಡ್ ಪಗನೆಟ್ಟಿ ೨೦೧೨ರಲ್ಲಿ ಎಲ್ಲ ಕಾರಣಗಳನ್ನೂ ಬಿಡಿಸಿ ಎಣಿಸಿ, ದಾಳದ ಲೆಕ್ಕವನ್ನು ಬಳಸಿದರೆ ಇದನ್ನು ನೂರಕ್ಕೆ ೨.೪ ಪಾಲಿಗೂ ೧.೨ ಮಿಲಿಮೀಟರಿಗೂ ಇಳಿಸಬಹುದೆಂದು ಬರೆದನು. ಅಂದರೆ ೬ ಮಿಲಿಮೀಟರು. ಇಷ್ಟು ಸಾಹಸಕ್ಕೆ ಲಾಭ ಎರಡು ಮಿಲಿಮೀಟರೇ ಎಂದು ಕೇಳುವವರುಂಟು. ನಮ್ಮ ಹಳೆಯ ಮಾನಗಳಲ್ಲಿ ಎಂಟು ಯವಗಳಿಗೆ ಒಂದು ಅಂಗುಲ. ಎರಡು ಮಿಲಿಮೀಟರೆಂದರೆ ಹೆಚ್ಚುಕಡಿಮೆ ಒಂದು ಯವ, ಒಂದು ಜವೆಯ ಕಾಳಿನ ಅಗಲ. ಕಣ್ಣಿನ ನರದ ಪಕ್ಕದಲ್ಲಿ ಒಂದು ಯವವೆಂದರೆ ದೃಷ್ಟಿ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ದೂರವಾದೀತು.

ಲೆಕ್ಕ ಎಷ್ಟೇ ಸೂಕ್ಷ್ಮವಾಗಿರಲಿ, ಅದು ಚಿತ್ರ ತೆಗೆದ ದಿನದ ಮೈಯ ಲೆಕ್ಕ. ಆ ಮೇಲೆ ಮಗು ಇಳಿದುಹೋಗಬಹುದು, ಗಂತಿ ಕರಗಬಹುದು. ಮೊದಲ ದಿನವೇ ಶಿಷ್ಯನು ತಂಗಿಗೆ ಹೇಳಿದ್ದನು: "ಅಮ್ಮಾ, ಇವನಿಗೆ ನೆಗಡಿಯಾದರೆ ನಮಗೆ ತಿಳಿಸಬೇಕು." ನೆಗಡಿಗೂ ಪ್ರೋಟಾನಿಗೂ ಏನೆಂದು ಆಕೆ ನಮ್ಮ ಮುಖ ನೋಡಿದಳು. ಗುಹೆಯಲ್ಲಿ ಗಾಳಿಯಿದ್ದರೆ ಪ್ರೋಟಾನು ಅದನ್ನು ಬಯಲಿನಂತೆ ದಾಟಿಬಿಡುತ್ತದೆ. ಅದೇ ಗುಹೆಯಲ್ಲಿ ಸಿಂಬಳ ತುಂಬಿದರೆ ಅಷ್ಟು ನೀರನ್ನು ದಾಟಿದಂತೆ ಶಕ್ತಿ ಕಳೆದುಕೊಂಡು ಅಷ್ಟು ಮೊದಲೇ ನಿಂತುಬಿಡುತ್ತದೆ.

ಮೂರನೆಯ ವಾರದ ಒಂದು ಬೆಳಿಗ್ಗೆ, ಹುಡುಗನು ರಾತ್ರಿಯೆಲ್ಲ ಬಾಯಿಂದ ಉಸಿರಾಡಿದನೆಂದು ತಂಗಿ ಹೋಗಿ ಹೇಳಿದಳು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ತಾಯಿಗೂ ಅದು ಕಂಡಿರಲಿಲ್ಲ. ಆ ದಿನ ಚಿಕಿತ್ಸೆಯನ್ನು ನಿಲ್ಲಿಸಿ ಹೊಸದಾಗಿ ಚಿತ್ರ ತೆಗೆದರು. ಎಡಗೆನ್ನೆಯ ಗುಹೆ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಹಳೆಯ ಯೋಜನೆಯನ್ನೇ ಹೊಸ ಚಿತ್ರದ ಮೇಲೆ ಹಾಯಿಸಿ ದಾಳದ ಲೆಕ್ಕ ಮಾಡಿದಾಗ, ಆ ದಿಕ್ಕಿನ ಪ್ರೋಟಾನುಗಳು ಗಂತಿಯ ಹಿಂದಿನ ಅಂಚನ್ನು ಮುಟ್ಟದೆ ಅರ್ಧ ಸೆಂಟಿಮೀಟರಿಗೂ ಮೊದಲೇ ನಿಲ್ಲುತ್ತಿದ್ದುವು. ರಾತ್ರಿ ಕುಳಿತು ಬೇರೆ ಯೋಜನೆ ಸಿದ್ಧಪಡಿಸಿ, ಅದನ್ನೂ ತಾಳೆ ನೋಡಿ, ಮರುದಿನ ಮಧ್ಯಾಹ್ನ ಮುಂದುವರಿಸಿದರು. ಅಲ್ಲಿಂದಾಚೆಗೆ ಪ್ರತಿದಿನ ಬೆಳಿಗ್ಗೆ ಶಿಷ್ಯನು, ನಮಗೆ ನಮಸ್ಕಾರ ಮಾಡುವುದಕ್ಕೂ ಮೊದಲು, ತಂಗಿಯ ಕಡೆ ತಿರುಗಿ "ಅಮ್ಮಾ, ರಾತ್ರಿ ಮೂಗು ಕಟ್ಟಿತ್ತೇ?" ಎಂದು ಕೇಳುತ್ತಿದ್ದನು.

ಇಪ್ಪತ್ತೆಂಟು ದಿನಗಳೂ ಮುಗಿದುವು. ಹುಡುಗನು ಶಾಲೆಗೆ ಹೋಗುತ್ತಿದ್ದಾನೆ. ಇನ್ನೂ ಕೆಲವು ವರ್ಷ ನೋಡುತ್ತಿರಬೇಕು ಎನ್ನುತ್ತಾರೆ. ಮುಂದಿನ ಚಿತ್ರ ಆಶ್ವಯುಜದಲ್ಲಿ.